ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳಿಗಾಗಿ ಸೈಕಲ್ ಜಾಥಾ: ಲೆಕ್ಕ ಮೊದಲು, ಪೋಸ್ಟರ್ ಆಮೇಲೆ

ನಮ್ಮ ಕಾಸರಗೋಡು ಕಡೆ ಸಹಾಯಾರ್ಥ ಸೈಕಲ್ ಜಾಥಾ ಎಡವುವುದು ರಸ್ತೆಯಲ್ಲಿ ಅಲ್ಲ, ಅದಕ್ಕೂ ಎಷ್ಟೋ ಮೊದಲು. ಕ್ಲಬ್ಬಿನ ಮೀಟಿಂಗ್‌ನಲ್ಲಿ ಯಾರೋ ಒಬ್ಬರು ಸೈಕಲ್ ಜಾಥಾ ಮಾಡೋಣ ಅಂತಾರೆ, ಎರಡೇ ದಿನದಲ್ಲಿ ಪೋಸ್ಟರ್ ರೆಡಿ, ಟೀಶರ್ಟಿಗೆ ಅಡ್ವಾನ್ಸ್ ಹೋಗಿರುತ್ತದೆ, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬ ಜಗಳವೂ ಮುಗಿದಿರುತ್ತದೆ. ಬಂದ ಹಣವನ್ನು ಯಾರಿಗೆ, ಏನಾಗಿ, ಹೇಗೆ ಕೊಡುವುದು ಅಂತ ಮಾತ್ರ ಯಾರೂ ಕೇಳಿರುವುದಿಲ್ಲ. ಕೊನೆಗೆ ಖರ್ಚು ಕಳೆದು ಉಳಿದ ಸ್ವಲ್ಪ ದುಡ್ಡಿಗೆ ಒಂದಷ್ಟು ಕಿಟ್ ತಂದು, ಮಕ್ಕಳನ್ನು ವೇದಿಕೆ ಮೇಲೆ ನಿಲ್ಲಿಸಿ ಫೋಟೋ ತೆಗೆದು ಮುಗಿಸುತ್ತಾರೆ.

ಆದ್ದರಿಂದ ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಕ್ರಮದ ಬಗ್ಗೆ. ಟೈಪ್ 1 ಮಕ್ಕಳನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳಿಗಾಗಿ ಮಾಡುವುದಾದರೂ ಒಂದನೇ ಮತ್ತು ಏಳನೇ ಹಂತ ಬಿಟ್ಟರೆ ಉಳಿದದ್ದು ಹೆಚ್ಚು ಕಡಿಮೆ ಹೀಗೇ. ಕೈಯಲ್ಲಿ ಮೂರು ತಿಂಗಳಾದರೂ ಇರಲಿ.

## 1. ಹಣ ಯಾವುದಕ್ಕೆ ಅಂತ ಮೊದಲು ಬರೆದಿಡಿ

ಟೈಪ್ 1 ಅಂದರೆ ಸಿಹಿ ತಿಂದು ಬಂದದ್ದಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹವೇ ನಾಶ ಮಾಡಿಬಿಡುತ್ತದೆ. ಹಾಗಾಗಿ ಮಗು ಬದುಕಲು ಜೀವನಪೂರ್ತಿ ಹೊರಗಿನಿಂದ ಇನ್ಸುಲಿನ್ ಬೇಕು, ಸಾಮಾನ್ಯವಾಗಿ ದಿನಕ್ಕೆ ಮೂರು ನಾಲ್ಕು ಸಲ ಚುಚ್ಚಬೇಕು. ಜೊತೆಗೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತಿರಬೇಕು.

ಈಗ ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಸ್ಟ್ರಿಪ್ (ಸಕ್ಕರೆ ನೋಡುವ ಮೀಟರಿಗೆ ಸಲಕ್ಕೊಂದರಂತೆ ಹಾಕುವ ಪಟ್ಟಿ) ಅಂದರೆ ವರ್ಷಕ್ಕೆ 1460. ಐವತ್ತರ ಡಬ್ಬಿ ಲೆಕ್ಕದಲ್ಲಿ 30 ಡಬ್ಬಿ, ಅದೂ ಒಂದು ಮಗುವಿಗೆ. ಇದು ಪ್ರತಿ ತಿಂಗಳು ಬರುವ ಖರ್ಚು, ನಿಮ್ಮ ಜಾಥಾ ಮಾತ್ರ ಒಂದು ದಿನದ್ದು. ಐವತ್ತು ಮಕ್ಕಳಿಗೆ ಒಂದೊಂದು ಮೀಟರ್ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಐದು ಮಕ್ಕಳಿಗೆ ಇಡೀ ವರ್ಷದ ಸ್ಟ್ರಿಪ್ ಕೊಡುವುದು ಮೇಲು. ಸ್ಟ್ರಿಪ್ ಇಲ್ಲದ ಮೀಟರ್ ಶೋಕೇಸಿಗೆ ಹೋಗುತ್ತದೆ ಅಷ್ಟೆ.

ಮಕ್ಕಳ ಪಟ್ಟಿ ಮಾಡುವಾಗ ಮೊದಲ ಪ್ರಶ್ನೆ: ಮಗು ಕೇರಳ ಸಾಮಾಜಿಕ ಸುರಕ್ಷಾ ಮಿಷನ್‌ನ 'ಮಿಠಾಯಿ' ಯೋಜನೆಯಲ್ಲಿ ಹೆಸರು ಕೊಟ್ಟಿದೆಯಾ? ಟೈಪ್ 1 ಮಕ್ಕಳಿಗಾಗಿಯೇ ಇರುವ ಸರಕಾರದ ಯೋಜನೆ ಅದು. ಇನ್ಸುಲಿನ್, ಚಿಕಿತ್ಸೆ ಅಲ್ಲಿಂದ ಸಿಗುವುದಾದರೆ ನೀವು ಅದನ್ನೇ ಮತ್ತೆ ಕೊಡಬೇಕಾಗಿಲ್ಲ. ಹೆಸರು ಕೊಡದಿದ್ದರೆ ಕೊಡಿಸುವುದೇ ನಿಮ್ಮ ಮೊದಲ ಸಹಾಯ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಆಮೇಲೆ ಏನು ಕೊರತೆ ಉಳಿಯುತ್ತದೆ ಅಂತ ತಾಯಿಯ ಹತ್ತಿರ ಕೇಳಿ. ಹೆಚ್ಚಾಗಿ ಉತ್ತರ ಬೇರೆಯೇ ಇರುತ್ತದೆ: ಮಂಗಳೂರಿನ ಆಸ್ಪತ್ರೆಗೋ ಪರಿಯಾರದ ಮೆಡಿಕಲ್ ಕಾಲೇಜಿಗೋ ಹೋಗಿಬರುವ ಬಾಡಿಗೆ, ಆ ದಿನದ ಕೂಲಿ ನಷ್ಟ, ಮನೆಯಲ್ಲಿ ಫ್ರಿಜ್ ಇಲ್ಲದಿರುವುದು, ಕನ್ನಡ ಶಾಲೆಯಲ್ಲಿ ಓದುವ ಮಗುವಿನ ಮನೆಯವರ ಕೈಗೆ ಬಂದ ಮಲಯಾಳಂ ಕರಪತ್ರ.

ಇಲ್ಲಿ ಆಗುವ ತಪ್ಪುಗಳು:

ಒಂದು, ಮೀಟರಿಗೆ ಹೊಂದದ ಸ್ಟ್ರಿಪ್ ತರುವುದು. ಪ್ರತಿ ಕಂಪನಿಯ ಮೀಟರಿಗೆ ಅದರದೇ ಸ್ಟ್ರಿಪ್. ಮನೆಯಲ್ಲಿರುವ ಮೀಟರಿನ ಹೆಸರು, ಮಾಡೆಲ್ ಬರೆದುಕೊಳ್ಳದೆ ಒಂದು ಡಬ್ಬಿಯನ್ನೂ ತರಬೇಡಿ.

ಎರಡು, ಸಿರಿಂಜ್. ಇದು ನಿಜವಾಗಿ ಅಪಾಯದ್ದು. ನಮ್ಮಲ್ಲಿ ಇನ್ಸುಲಿನ್ ಎರಡು ಶಕ್ತಿಯಲ್ಲಿ ಬರುತ್ತದೆ, ಒಂದು ಎಂಎಲ್‌ಗೆ 40 ಯೂನಿಟ್‌ನದ್ದು, 100 ಯೂನಿಟ್‌ನದ್ದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಎಳೆದರೆ ಮಗುವಿನ ಮೈಗೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ಒಳ್ಳೆ ಮನಸ್ಸಿನಿಂದ ಯಾರೋ ಒಂದು ಪೆಟ್ಟಿಗೆ ಸಿರಿಂಜ್ ದಾನ ಕೊಟ್ಟರು ಅಂತ ಸುಮ್ನೆ ಹಂಚಬೇಡಿ.

ಮೂರು, ಇನ್ಸುಲಿನ್ ಅನ್ನೇ ಒಟ್ಟಿಗೆ ಖರೀದಿಸಿಡುವುದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಮಂಜುಗಟ್ಟಿದರೆ ಕೆಟ್ಟಿತು. ಕ್ಲಬ್ಬಿನ ಫ್ರಿಜ್ ಇದಕ್ಕೆ ಆಗುವುದಿಲ್ಲ. ಊರಿನ ಮೆಡಿಕಲ್ ಶಾಪಿನಲ್ಲಿ ಮಗುವಿನ ಹೆಸರಿಗೆ ಒಂದು ಲೆಕ್ಕ ತೆರೆದು, ಡಾಕ್ಟರ ಚೀಟಿ ತೋರಿಸಿ ಮನೆಯವರೇ ತಿಂಗಳು ತಿಂಗಳು ತೆಗೆದುಕೊಳ್ಳುವ ಹಾಗೆ ಮಾಡಿ. ಬಿಲ್ ನೀವು ಕಟ್ಟಿ. ಸ್ಟ್ರಿಪ್‌ಗೂ ಇದೇ ದಾರಿ ಒಳ್ಳೆಯದು. ಅದಕ್ಕೆ ಎಕ್ಸ್‌ಪೈರಿ ಇದೆ. ನಮ್ಮ ಮಳೆಗಾಲದ ತೇವಕ್ಕೆ ಮುಚ್ಚಳ ಒಂದು ರಾತ್ರಿ ತೆರೆದಿಟ್ಟರೂ ಡಬ್ಬಿಯಲ್ಲಿದ್ದ ಸ್ಟ್ರಿಪ್ ತಪ್ಪು ಸಂಖ್ಯೆ ತೋರಿಸಬಹುದು.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಮಕ್ಕಳು, ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು. ಅದೇ ನಿಮ್ಮ ಗುರಿ ಮೊತ್ತ. ಡಾಕ್ಟರ ಒಬ್ಬರಿಗೆ ತೋರಿಸಿ ಸರಿ ಅನ್ನಿಸಿಕೊಂಡ ಮೇಲೆ ಮಾತ್ರ ಎರಡನೇ ಹಂತ.

## 2. ಹಣ ಬರುವ ದಾರಿ

ಯಾರ ಹೆಸರಿನ ಖಾತೆ? ನಿಮ್ಮ ಸ್ವಂತದ್ದು ಬೇಡ, ಖಜಾಂಚಿಯದ್ದೂ ಬೇಡ. ಎಷ್ಟೇ ನಂಬಿಕಸ್ಥರಾದರೂ ಬೇಡ. ಸ್ವಂತ ಖಾತೆಗೆ ನೂರಾರು ಅಪರಿಚಿತರಿಂದ ಯುಪಿಐ ಬಂದರೆ ನಾಳೆ ಅದು ನಿಮ್ಮ ಆದಾಯವಲ್ಲ ಅಂತ ಸಾಬೀತು ಮಾಡುವ ತಲೆನೋವು ನಿಮ್ಮದೇ. ಅದರಲ್ಲಿ ಒಂದೇ ಒಂದು ಪಾವತಿ ಯಾವುದೋ ಸೈಬರ್ ವಂಚನೆಯ ಹಣದ ಸರಪಳಿಯಿಂದ ಬಂದಿದ್ದರೂ ಇನ್ನೆಲ್ಲಿಯದೋ ಪೊಲೀಸರ ಕೋರಿಕೆಯ ಮೇಲೆ ಬ್ಯಾಂಕ್ ಖಾತೆಯನ್ನೇ ತಡೆಹಿಡಿಯಬಹುದು. ಕೇರಳದಲ್ಲಿ ಇಂಥದ್ದು ಎಷ್ಟೋ ಮಂದಿಗೆ ಆಗಿದೆ.

ನೋಂದಣಿಯಾದ ಒಂದು ಟ್ರಸ್ಟ್ ಅಥವಾ ಸೊಸೈಟಿಯ ಜೊತೆ ಸೇರಿ. ಅದಕ್ಕೆ 80ಜಿ ಎಂದು ಕರೆಯುವ ಆದಾಯ ತೆರಿಗೆ ಮಾನ್ಯತೆ ಇದ್ದರೆ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುತ್ತದೆ. ಆದರೆ 2000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ರಿಯಾಯಿತಿ ಇಲ್ಲ. ದೊಡ್ಡ ಮೊತ್ತ ಕೊಡುವ ವ್ಯಾಪಾರಿಗಳಿಗೆ ಇದನ್ನು ಮೊದಲೇ ಹೇಳಿ, ಆಮೇಲೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ.

ಕ್ಯೂಆರ್ ಕೋಡ್ ಪ್ರಿಂಟ್ ಮಾಡುವ ಮೊದಲು ಮೂರು ಬೇರೆ ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಹಾಕಿ ನೋಡಿ. ಪರದೆಯಲ್ಲಿ ಟ್ರಸ್ಟಿನ ಹೆಸರೇ ಬರುತ್ತದಾ? ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಅಂಗಡಿಯಲ್ಲಿ ಅಂಟಿಸಿದ ಕೋಡಿನ ಮೇಲೆ ಬೇರೆಯವರು ತಮ್ಮ ಕೋಡ್ ಅಂಟಿಸುವ ಕಳ್ಳತನವೂ ಇದೆ, ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಇನ್ನು ಗಲ್ಫ್. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಚಂದಾ ಎತ್ತುವುದು ಉಂಟಾ? ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡಿನವರೂ (ಭಾರತೀಯ ಮೂಲದ ವಿದೇಶಿ ಪೌರರು) ಸೇರಿ, ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವ ಹಾಗಿಲ್ಲ. ಇನ್ನೊಂದು ಮಾತು, ಯುಎಇಯಲ್ಲಿ ಪರವಾನಗಿ ಇಲ್ಲದೆ ಚಂದಾ ಎತ್ತುವುದು ಅಪರಾಧ. ಅಲ್ಲಿರುವ ತಮ್ಮನಿಗೆ ಪೋಸ್ಟರ್ ಕಳಿಸಿ "ನಿನ್ನ ರೂಮಿನ ಗ್ರೂಪಲ್ಲೆಲ್ಲ ಹಾಕು ಮಾರಾಯ" ಅಂದರೆ ಅವನನ್ನು ಕಷ್ಟಕ್ಕೆ ಸಿಕ್ಕಿಸಿದ ಹಾಗೆ. ಅವನು ತನ್ನ ಕೈಯಿಂದ ಕೊಡಲಿ, ಇತರರಿಂದ ಎತ್ತುವುದು ಬೇಡ.

ಖರ್ಚಿನ ಹಣ ಬೇರೆ, ದಾನದ ಹಣ ಬೇರೆ. ಟೀಶರ್ಟ್, ತಿಂಡಿ, ಬ್ಯಾನರ್, ಗಾಡಿ ಬಾಡಿಗೆ ಇವಕ್ಕೆ ಪ್ರಾಯೋಜಕರನ್ನು ಬೇರೆಯಾಗಿ ಹಿಡಿಯಿರಿ ಅಥವಾ ಸವಾರರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳಿ. ಮಕ್ಕಳ ಹೆಸರಲ್ಲಿ ಬಂದದ್ದರಿಂದ ಒಂದು ಚಹಾದ ದುಡ್ಡೂ ಹೋಗಬಾರದು. ಟೀಶರ್ಟ್ ಮಾಡಲೇಬೇಕೆಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಟ್ಟೆಯ ಒಂದು ಪಟ್ಟಿ ತೋಳಿಗೆ ಕಟ್ಟಿದರೂ ಸವಾರರು ಗೊತ್ತಾಗುತ್ತಾರೆ.

## 3. ದಿನ ಮತ್ತು ದಾರಿ

ನವೆಂಬರ್ 14 ಎಲ್ಲರ ತಲೆಗೂ ಬರುತ್ತದೆ, ವಿಶ್ವ ಮಧುಮೇಹ ದಿನವೂ ಅದೇ, ಮಕ್ಕಳ ದಿನವೂ ಅದೇ. ಆದರೆ ಶಾಲೆಗಳಿಗೆ ಅವತ್ತು ಅವರದೇ ಕಾರ್ಯಕ್ರಮ, ತುಲಾ ಮಳೆಯ (ಹಿಂಗಾರಿನ) ಗುಡುಗು ಸಿಡಿಲು ಬೇರೆ ಮುಗಿದಿರುವುದಿಲ್ಲ. ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗಿನ ಒಂದು ಭಾನುವಾರ ಸರಿ. ಮಾರ್ಚ್ ಆದರೆ ಪರೀಕ್ಷೆ, ಬಿಸಿಲು ಎರಡೂ.

ದಿನ ಗೊತ್ತುಮಾಡುವ ಮೊದಲು ಊರಿನ ಜಾತ್ರೆ, ನೇಮ, ಉರೂಸ್, ಚರ್ಚಿನ ಹಬ್ಬ ಎಲ್ಲ ನೋಡಿ. ಮಕರ ಸಂಕ್ರಾಂತಿಯ ವಾರದಲ್ಲಿ ಕುಂಬಳೆ ಕಡೆ ಹೋಗುವ ಯೋಚನೆಯೇ ಬೇಡ, ಅಲ್ಲಿನ ದೇವಸ್ಥಾನದ ಬೆಡಿ (ಸುಡುಮದ್ದು) ನೋಡಲು ಬಂದ ಜನ ರಸ್ತೆಯಲ್ಲಿರುತ್ತಾರೆ.

ದಾರಿ ಆರಿಸುವಾಗ ಆರು ಪಥದ ರಾಷ್ಟ್ರೀಯ ಹೆದ್ದಾರಿ 66 ಬೇಡ. ಮುಖ್ಯ ರಸ್ತೆಯಲ್ಲಿ ವಾಹನಗಳ ವೇಗಕ್ಕೆ ಸೈಕಲ್ ಗುಂಪು ಹೊಂದುವುದಿಲ್ಲ. ಸರ್ವಿಸ್ ರಸ್ತೆ ಸಪೂರ, ಎದುರಿನಿಂದ ಆಟೋ ಬೈಕ್ ನುಗ್ಗುತ್ತಿರುತ್ತವೆ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ ಮೇಲಾಗಿ ಕಾಞಂಗಾಡಿಗೆ ಹೋಗುವ ರಸ್ತೆ ಸಮತಟ್ಟು, ಹೊಸಬರಿಗೆ ಸುಲಭ. ಭಾನುವಾರ ಬೆಳಿಗ್ಗೆ ಎಂಟರ ನಂತರ ಬೇಕಲದ ಹತ್ತಿರ ಟೂರಿಸ್ಟ್ ಗಾಡಿ ಜಾಸ್ತಿ, ಅಷ್ಟು ನೆನಪಿರಲಿ.

ಕನ್ನಡದ ಊರುಗಳನ್ನು ಮುಟ್ಟಬೇಕು ಅಂತಿದ್ದರೆ ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕವಾಗಿ ಮುಳ್ಳೇರಿಯಕ್ಕೆ ಹೋಗುವ ರಸ್ತೆ ಒಳ್ಳೆಯದು, ಸುಮಾರು 29 ಕಿಲೋಮೀಟರ್. ಚಡಾವು ಇಳಿಜಾರು ಇದೆ. ಗೇರ್ ಇಲ್ಲದ ಸೈಕಲಿನವರು ಕೆಲವು ಕಡೆ ಇಳಿದು ತಳ್ಳಬೇಕಾದೀತು. ಅದರಲ್ಲಿ ನಾಚಿಕೆ ಏನಿಲ್ಲ, ಆದರೆ ಸಮಯದ ಲೆಕ್ಕದಲ್ಲಿ ಅದನ್ನೂ ಸೇರಿಸಿ. ಹೋಗಿ ಬರುವ ಜಾಥಾ ಬೇಡ, ಒಂದು ಕಡೆ ಶುರು ಇನ್ನೊಂದು ಕಡೆ ಮುಕ್ತಾಯ, ವಾಪಸ್ ಬರಲು ಪಿಕಪ್. ಹೊಸಬರಿಗೆ 10–12 ಕಿಲೋಮೀಟರಿನ ಅರ್ಧ ದಾರಿ ಬೇರೆಯಾಗಿ ಇಡಿ.

ಮೊದಲು ಕಾರಲ್ಲಿ ಅಲ್ಲ, ಸೈಕಲಲ್ಲೇ ಒಮ್ಮೆ ಪೂರ್ತಿ ಹೋಗಿ ನೋಡಿ. ಅದೂ ಜಾಥಾ ನಡೆಯುವ ಹೊತ್ತಿನಲ್ಲೇ. ಕಾರಿನಲ್ಲಿ ಕೂತವರಿಗೆ ತಿರುವಿನಲ್ಲಿ ಕೆಂಪುಕಲ್ಲಿನ ಲಾರಿಯಿಂದ ಉದುರಿದ ಚೂರು ಕಾಣಿಸುವುದಿಲ್ಲ, ಸೈಕಲ್ ಮುಂದಿನ ಚಕ್ರಕ್ಕೆ ಅದು ಗೊತ್ತಾಗುತ್ತದೆ. ಬರೆದುಕೊಳ್ಳಬೇಕಾದದ್ದು: ಹೊಂಡ, ಕಿರಿದಾದ ಸೇತುವೆ, ಕಡಿದಾದ ತಿರುವು, ನಾಯಿಗಳ ಜಾಗ, ಮೊಬೈಲ್ ಸಿಗ್ನಲ್ ಇಲ್ಲದ ಬೈಲು, ನೀರು ಸಿಗುವ ಕಡೆ, ಶೌಚಾಲಯ. ಶೌಚಾಲಯವನ್ನು ಹುಡುಗರ ಕ್ಲಬ್ಬುಗಳು ಯಾವಾಗಲೂ ಮರೆಯುತ್ತವೆ, ಆಮೇಲೆ ಹೆಂಗಸರು ಯಾಕೆ ಬರಲಿಲ್ಲ ಅಂತ ಕೇಳುತ್ತವೆ. ದಾರಿಯ ಶಾಲೆಯ ಹೆಡ್‌ಮಾಸ್ಟರ ಹತ್ತಿರ ಮಾತಾಡಿ ಭಾನುವಾರಕ್ಕೆ ಬೀಗದ ಕೈ ತೆಗೆದಿಟ್ಟುಕೊಳ್ಳಿ.

## 4. ಅನುಮತಿ

ಆರು ವಾರ ಮೊದಲೇ ಶುರು ಮಾಡಿ. ದಾರಿ ಎಷ್ಟು ಠಾಣೆಗಳ ವ್ಯಾಪ್ತಿಯಲ್ಲಿ ಹಾದುಹೋಗುತ್ತದೆ ಅಂತ ನೋಡಿ, ಎಲ್ಲ ಕಡೆ ಅರ್ಜಿ ಬೇಕು. ಕುಂಬಳೆ, ಬದಿಯಡ್ಕ, ಆದೂರು ಹೀಗೆ. ಮೈಕಿಗೆ ಬೇರೆ ಅನುಮತಿ. ತಲಪಾಡಿ ದಾಟಿ ಆಚೆ ಹೋಗುವುದಾದರೆ ಕರ್ನಾಟಕದ ಪೊಲೀಸರದ್ದೂ ಬೇಕು. ಅದು ಎರಡು ಪಟ್ಟು ಓಡಾಟ, ಮೊದಲ ಸಲ ಮಾಡುವವರು ಗಡಿಯೊಳಗೇ ಮುಗಿಸಿ.

ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಭಾಷಾ ಅಲ್ಪಸಂಖ್ಯಾತರಾದ ನಮಗಿದೆ, ಕೊಡಿ. ಜೊತೆಗೊಂದು ಮಲಯಾಳಂ ಪ್ರತಿಯನ್ನೂ ಇಡಿ. ಹಕ್ಕಿನ ಪ್ರಶ್ನೆ ಬೇರೆ, ಫೈಲ್ ಬೇಗ ಮುಂದೆ ಹೋಗುವ ಪ್ರಶ್ನೆ ಬೇರೆ ಅಲ್ವಾ? ಅರ್ಜಿಯಲ್ಲಿ ದಿನ, ಹೊತ್ತು, ಸವಾರರ ಸಂಖ್ಯೆ, ದಾರಿಯ ನಕ್ಷೆ, ಹೊಣೆ ಹೊತ್ತ ಇಬ್ಬರ ಫೋನ್ ನಂಬರ್ ಇರಲಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಪಂಚಾಯತಿಗೂ ತಿಳಿಸಿ. ಪಿವಿಸಿ ಫ್ಲೆಕ್ಸ್‌ಗೆ ಕೇರಳದಲ್ಲಿ 2019ರಿಂದಲೇ ನಿಷೇಧ ಇದೆ, ಬಟ್ಟೆಯ ಬ್ಯಾನರ್ ಮಾಡಿಸಿ. ಕಸದ ಬಗ್ಗೆ, ಮನೆ ಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರ ಹತ್ತಿರ ಮೊದಲೇ ಮಾತಾಡಿ.

## 5. ಸವಾರರ ನೋಂದಣಿ

ಅರ್ಜಿಯಲ್ಲಿ ಕೇಳಬೇಕಾದದ್ದು ಹೆಸರು ಮತ್ತು ಟೀಶರ್ಟ್ ಸೈಜ್ ಮಾತ್ರ ಅಲ್ಲ. ವಯಸ್ಸು, ರಕ್ತದ ಗುಂಪು, ಮನೆಯವರ ನಂಬರ್, ಕಾಯಿಲೆ ಮತ್ತು ತೆಗೆದುಕೊಳ್ಳುವ ಮಾತ್ರೆ, ಸೈಕಲಿನ ಟೈರ್ ಸೈಜ್. ಹೌದು, ಟೈರ್ ಸೈಜ್, ಯಾಕೆ ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ. 18ರ ಕೆಳಗಿನವರಿಗೆ ಹೆತ್ತವರ ಸಹಿ ಕಡ್ಡಾಯ. ಹೆಲ್ಮೆಟ್ ಇಲ್ಲದವರಿಗೆ ಪ್ರವೇಶ ಇಲ್ಲ, ಅಧ್ಯಕ್ಷರ ಮಗನಾದರೂ ಇಲ್ಲ. ಒಂದು ದಿನದ ಅಪಘಾತ ವಿಮೆಯನ್ನೂ ವಿಚಾರಿಸಿ.

ಪ್ರತಿ ಸವಾರರಿಗೆ ಒಂದು ದೇಣಿಗೆ ಕಾರ್ಡ್ ಕೊಡಿ. ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಡುವ ಪದ್ಧತಿ ಕೇಳಲು ಚಂದ, ಆದರೆ ಆಮೇಲೆ ವಸೂಲಿ ಮಾಡಲು ಮನೆ ಮನೆ ತಿರುಗಬೇಕು. ನಮ್ಮಲ್ಲಿ ಮೊದಲೇ ಒಂದು ಮೊತ್ತ ಬರೆಸಿ ಆ ಹೊತ್ತಿಗೇ ಸ್ಕ್ಯಾನ್ ಮಾಡಿಸುವುದೇ ನಡೆಯುವುದು. ಪೋಸ್ಟರ್ ಈಗ ಮಾಡಿ. ಈಗ ನಿಮ್ಮ ಕೈಯಲ್ಲಿ ಮಕ್ಕಳ ಸಂಖ್ಯೆ, ಗುರಿ ಮೊತ್ತ, ಟ್ರಸ್ಟಿನ ಹೆಸರು, ದಿನ, ದಾರಿ ಎಲ್ಲ ಇದೆ.

ಪೋಸ್ಟರಿನಲ್ಲಿ ಮಕ್ಕಳ ಫೋಟೋ, ಹೆಸರು, ಶಾಲೆ ಯಾವುದೂ ಬೇಡ. ಇವತ್ತು ಪಾಪ ಅನ್ನಿಸುವ ಚಿತ್ರ ನಾಳೆ ಆ ಹುಡುಗಿಗೆ ಸಂಬಂಧ ನೋಡುವಾಗ ಊರವರ ಬಾಯಲ್ಲಿ ತಿರುಗುತ್ತದೆ. ತಾಯಿ ಒಪ್ಪಿದರೂ ಬೇಡ, ಸಹಾಯ ಕೊಡುವವರ ಎದುರು ಬೇಡ ಅನ್ನಲು ಅವರಿಗೆ ಎಷ್ಟು ಧೈರ್ಯ ಇರುತ್ತದೆ? 1460 ಸ್ಟ್ರಿಪ್ ಎಂಬ ಲೆಕ್ಕವನ್ನೇ ದೊಡ್ಡದಾಗಿ ಹಾಕಿ, ಜನ ಅದನ್ನು ಓದಿಯೇ ಕೊಡುತ್ತಾರೆ.

## 6. ಸೈಕಲ್ ಮತ್ತು ಸಾಮಾನು

ಜಾಥಾಕ್ಕೆ ಒಂದು ವಾರ ಮೊದಲು ಎಲ್ಲ ಸೈಕಲ್ ಒಂದು ಕಡೆ ತರಿಸಿ ನೋಡಿಸಿ. ಆ ದಿನ ಬೆಳಿಗ್ಗೆ ಅಲ್ಲ. ವರ್ಷವಿಡೀ ಜಗಲಿಯಲ್ಲಿ ನಿಂತ ಸೈಕಲೇ ಜಾಸ್ತಿ ಬರುವುದು. ಬ್ರೇಕ್ ಒತ್ತಿದರೆ ಲಿವರ್ ಹ್ಯಾಂಡಲಿಗೆ ತಾಗುತ್ತದಾ? ಕೇಬಲ್ ಬಿಗಿ ಮಾಡಿ. ಬ್ರೇಕ್ ರಬ್ಬರ್ ಸವೆದು ಒಳಗಿನ ಲೋಹ ಕಾಣುತ್ತದಾ? ಬದಲಿಸಿ. ಟೈರಿನ ಬದಿಯಲ್ಲಿ ಸೀಳು ಇದ್ದರೆ ಆ ಸೈಕಲ್ ಬೇಡ. ಸೀಟಿನ ಎತ್ತರ: ಪೆಡಲ್ ಕೆಳಗಿರುವಾಗ ಮೊಣಕಾಲು ಸ್ವಲ್ಪ ಮಾತ್ರ ಬಾಗಿರಬೇಕು. ನಮ್ಮವರು ಎಲ್ಲರೂ ಸೀಟು ತಗ್ಗಿಸಿ ಹೊಡೆಯುತ್ತಾರೆ, ಹತ್ತು ಕಿಲೋಮೀಟರಿಗೆ ಮೊಣಕಾಲು ನೋವು ಶುರುವಾಗುತ್ತದೆ.

ಹಿಂಬದಿಯ ಗಾಡಿಯಲ್ಲಿ ಇರಬೇಕಾದ ಸಾಮಾನು: ಪಂಕ್ಚರ್ ಕಿಟ್, ಟೈರ್ ಲಿವರ್, ಅಲೆನ್ ಕೀ ಸೆಟ್, ಸ್ಪ್ಯಾನರ್, ಇಕ್ಕಳ, ಚೈನ್ ಕಟರ್, ಎಣ್ಣೆ, ಬ್ರೇಕ್ ಕೇಬಲ್, ಹಳೆ ಬಟ್ಟೆ, ಪಂಪ್, ಟ್ಯೂಬ್‌ಗಳು.

ಪಂಪ್ ಮತ್ತು ಟ್ಯೂಬ್ ಹತ್ತಿರವೇ ಕೆಲಸ ಕೆಡುವುದು. ವಾಲ್ವ್ ಮೂರು ನಮೂನೆ ಇದೆ. ಹಳೆ ಕರಿ ಸೈಕಲಿನದ್ದು ಡನ್ಲಪ್ ವಾಲ್ವ್. ಗೇರ್ ಸೈಕಲಿನದ್ದು ಹೆಚ್ಚಾಗಿ ಬೈಕಿನ ಟೈರಿನಂಥ ದಪ್ಪ ವಾಲ್ವ್. ರೇಸ್ ಸೈಕಲಿನದ್ದು ಸಪೂರ ಉದ್ದದ ಪ್ರೆಸ್ಟಾ, ತುದಿಯ ಸಣ್ಣ ನಟ್ ಸಡಿಲಿಸದೆ ಅದರೊಳಗೆ ಗಾಳಿ ಹೋಗುವುದೇ ಇಲ್ಲ. ಒಂದೇ ಪಂಪ್ ಮೂರಕ್ಕೂ ಕೂರುವುದಿಲ್ಲ, ಅಡಾಪ್ಟರ್ ಬೇಕು. ಟೈರ್ ಸೈಜೂ ಹಾಗೇ, 26, 27.5, 29 ಎಲ್ಲ ಬೇರೆ ಬೇರೆ; 700ಸಿ ರಿಮ್ಮಿನ ಅಳತೆ 29ರದ್ದೇ ಆದರೂ ಟೈರ್ ಸಪೂರ. ನೋಂದಣಿಯಲ್ಲಿ ಬರೆದುಕೊಂಡಿದ್ದರೆ ಯಾವ ಸೈಜಿನ ಟ್ಯೂಬ್ ಎಷ್ಟು ತರಬೇಕು ಅಂತ ಗೊತ್ತಿರುತ್ತದೆ. ಇಲ್ಲದಿದ್ದರೆ ನೀರ್ಚಾಲಿನಲ್ಲಿ ಭಾನುವಾರ ಬೆಳಿಗ್ಗೆ ಟ್ಯೂಬ್ ಹುಡುಕುತ್ತಾ ನಿಲ್ಲಬೇಕು.

ಪೇಟೆಯ ಸೈಕಲ್ ಶಾಪಿನ ಮೇಸ್ತ್ರಿಯನ್ನೇ ಆ ದಿನಕ್ಕೆ ಗಾಡಿಯಲ್ಲಿ ಕೂರಿಸಿಕೊಳ್ಳಿ. ಸಂಬಳ ಕೊಟ್ಟು.

## 7. ಟೈಪ್ 1 ಮಕ್ಕಳೇ ಸೈಕಲ್ ಹೊಡೆಯುವುದಾದರೆ

ಹೊಡೆಯಬಹುದು. ಅವರಿಗೆ ವ್ಯಾಯಾಮ ಬೇಡ ಎಂಬುದು ತಪ್ಪು ತಿಳುವಳಿಕೆ. ಆದರೆ ಅವರ ಡಾಕ್ಟರು ಒಪ್ಪಿರಬೇಕು, ತಾಯಿ ಅಥವಾ ತಂದೆ ಜೊತೆಗಿರಬೇಕು, ಕೊನೆಯ ಎರಡು ಮೂರು ಕಿಲೋಮೀಟರ್ ಸಾಕು.

ಹೊರಡುವ ಮೊದಲು ರಕ್ತದ ಸಕ್ಕರೆ ನೋಡಬೇಕು. ಕಡಿಮೆ ಇದ್ದರೆ ತಿಂದು ಮತ್ತೆ ನೋಡಿದ ಮೇಲೆ ಮಾತ್ರ ಸೈಕಲ್. 250ಕ್ಕಿಂತ (ಮೀಟರ್ ತೋರಿಸುವ ಎಂಜಿ/ಡಿಎಲ್ ಲೆಕ್ಕ) ಮೇಲಿದ್ದು ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತ, ಮೂತ್ರದಲ್ಲಿ ಸೇರುವ ಆಮ್ಲ) ಕೂಡ ಕಂಡರೆ ಅವತ್ತು ಸೈಕಲ್ ಬೇಡ. ಬೆಳಿಗ್ಗೆಯ ಇನ್ಸುಲಿನ್ ಎಷ್ಟು ಎಂಬುದನ್ನು ಡಾಕ್ಟರು ಮೊದಲೇ ಹೇಳಿರಲಿ, ಅಲ್ಲಿ ನಿಂತು ಯಾರೂ ಲೆಕ್ಕ ಹಾಕುವುದು ಬೇಡ.

ಅಪಾಯದ ಸೂಚನೆಗಳನ್ನು ಎಲ್ಲ ಸ್ವಯಂಸೇವಕರಿಗೂ ಕಲಿಸಿ. ಬೆವರು, ಕೈ ನಡುಕ, ಮುಖ ಬಿಳಿಚುವುದು, ಸುಮ್ನೆ ಸಿಟ್ಟು ಬರುವುದು, ಮಾತು ತೊದಲುವುದು, ಸೈಕಲ್ ಓಲಾಡುವುದು. 70ರ ಕೆಳಗೆ ಇಳಿದಿದೆ ಅಂತ ಲೆಕ್ಕ. ನೋಡಲು ಮೀಟರ್ ಸಿಗದಿದ್ದರೂ ಕಾಯಬೇಡಿ. ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನ ಏರುತ್ತದೆ. ಡಯಟ್ ಎಂದು ಬರೆದ ಕೂಲ್‌ಡ್ರಿಂಕಿನಲ್ಲಿ ಸಕ್ಕರೆಯೇ ಇಲ್ಲ.

ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್.

ಇನ್ನೊಂದು ಬಗೆ ಇದೆ: ವಾಂತಿ, ಹೊಟ್ಟೆನೋವು, ತುಂಬಾ ಬಾಯಾರಿಕೆ, ಜೋರು ಜೋರಾಗಿ ಆಳವಾದ ಉಸಿರು, ಬಾಯಿಯಲ್ಲಿ ಹಣ್ಣಿನಂಥ ವಾಸನೆ. ಇದು ಸಕ್ಕರೆ ಏರಿ ಕೀಟೋನ್ ತುಂಬಿದ್ದು. ಸೀದಾ ಆಸ್ಪತ್ರೆಗೆ. ವ್ಯಾಯಾಮ ಮಾಡಿದ ದಿನ ರಾತ್ರಿ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು, ಮಲಗುವ ಮೊದಲು ಒಮ್ಮೆ ನೋಡಲು ಮನೆಯವರಿಗೆ ನೆನಪಿಸಿ.

ವೇದಿಕೆಯ ಬಗ್ಗೆಯೂ ಒಂದು ಎಚ್ಚರಿಕೆ. ಭಾಷಣಕ್ಕೆ ಬಂದವರು ಯಾರಾದರೂ "ಈ ಸೊಪ್ಪಿನ ಕಷಾಯ ಕುಡಿಸಿ, ಇಂಜೆಕ್ಷನ್ ಬಿಡಿಸಿ" ಅಂದರೆ ಮೈಕ್ ತೆಗೆದುಕೊಳ್ಳಿ. ಟೈಪ್ 1ರಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಜೀವಕ್ಕೆ ಅಪಾಯ. ಮುಜುಗರ ಆದರೆ ಆಗಲಿ.

## 8. ಆ ದಿನ

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ 6.45ರ ಆಸುಪಾಸಿಗೆ. ಐದೂವರೆಗೆ ಹೊರಡುತ್ತೇವೆ ಅಂತ ಹಾಕಬೇಡಿ, ಕತ್ತಲಲ್ಲಿ ಗುಂಪು ಹೋಗುವುದು ಅಪಾಯ. ಆರಕ್ಕೆ ಬರಲಿ, ಏಳಕ್ಕೆ ಹೊರಡಲಿ. ನಡುವಿನ ಒಂದು ಗಂಟೆಯಲ್ಲಿ ಗಾಳಿ, ಬ್ರೇಕ್, ಹೆಲ್ಮೆಟ್ ನೋಡುವುದು, ಬಾಳೆಹಣ್ಣು ಅವಲಕ್ಕಿ ತಿನ್ನುವುದು, ಐದು ನಿಮಿಷ ನಿಯಮ ಹೇಳುವುದು. ಉದ್ಘಾಟನೆ ಎರಡು ನಿಮಿಷ. ಭಾಷಣ ಏನಿದ್ದರೂ ಮುಕ್ತಾಯದ ಜಾಗದಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂಬತ್ತಕ್ಕೆ ಹೊರಟು ಬಿಸಿಲಿಗೆ ಸಿಕ್ಕಿಬೀಳುತ್ತೀರಿ.

ಹತ್ತು ಹನ್ನೆರಡು ಜನರ ಗುಂಪು, ಗುಂಪುಗಳ ನಡುವೆ ಐದು ನಿಮಿಷ. ಪ್ರತಿ ಗುಂಪಿಗೆ ಮುಂದೊಬ್ಬ, ಹಿಂದೊಬ್ಬ ಅನುಭವಸ್ಥ. ಒಂದೇ ಸಾಲು, ಎಡಬದಿ. ಜೋಡಿಯಾಗಿ ಹೋಗಿ ಮಾತಾಡುವುದು, ಒಂದು ಕೈಯಲ್ಲಿ ವಿಡಿಯೋ ತೆಗೆಯುವುದು ಇಲ್ಲ. ನಮ್ಮ ಪ್ರೈವೇಟ್ ಬಸ್ಸಿನವರ ಟೈಮಿಂಗ್ ಓಟ ಗೊತ್ತಲ್ಲ, ಹಾರ್ನ್ ಕೇಳಿದ ಕೂಡಲೇ ಗಾಬರಿಯಲ್ಲಿ ಮಣ್ಣಿಗೆ ಇಳಿಸಬಾರದು. ಟಾರಿನ ಅಂಚು ಎತ್ತರ ಇದ್ದ ಕಡೆ ಅಲ್ಲೇ ಬೀಳುವುದು. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಗಟ್ಟಿಯಾಗಿ ಒತ್ತಬೇಡಿ, ಎರಡನ್ನೂ ಸ್ವಲ್ಪ ಸ್ವಲ್ಪ ಒತ್ತಿ, ತಿರುವಿಗೆ ಮೊದಲೇ ವೇಗ ಇಳಿಸಿ.

ನೀರು ಗಂಟೆಗೆ ಅರ್ಧ ಲೀಟರಾದರೂ. ಸಣ್ಣ ಪ್ಲಾಸ್ಟಿಕ್ ಬಾಟಲಿ ಬೇಡ, ದೊಡ್ಡ ಕ್ಯಾನ್ ಇಟ್ಟು ಅವರವರ ಬಾಟಲಿಗೆ ತುಂಬಿಸಿ. ಉಪ್ಪು ಹಾಕಿದ ಮಜ್ಜಿಗೆ ನೀರು, ಎಳನೀರು ಸಾಕು. ಮುಗಿದ ಮೇಲೆ ಹಾಳೆತಟ್ಟೆಯಲ್ಲಿ ಸಜ್ಜಿಗೆ ಅವಲಕ್ಕಿ, ಚಹಾ. ಟೈಪ್ 1 ಮಕ್ಕಳಿಗೂ ಅದೇ ತಿಂಡಿ, ಎಷ್ಟು ತಿನ್ನಬೇಕು ಅಂತ ಅವರಿಗೆ ಗೊತ್ತು. "ನಿನಗೆ ಇದು ಬೇಡ ಮಗಾ" ಅಂತ ಎಲ್ಲರ ಎದುರು ಪ್ಲೇಟ್ ತೆಗೆಯಬೇಡಿ.

ಬಿದ್ದ ಗಾಯಕ್ಕೆ ಸೋಪು ನೀರು, ಶುಭ್ರ ಬಟ್ಟೆ. ಚಹಾಪುಡಿ, ಸುಣ್ಣ ಬೇಡ. ತಲೆಗೆ ಪೆಟ್ಟಾಗಿ ವಾಂತಿ ಬಂದರೆ ಅಥವಾ ಮಂಕು ಕವಿದರೆ ಕೂಡಲೇ ಆಸ್ಪತ್ರೆ. ದಾರಿಗೆ ಹತ್ತಿರ ಯಾವ ಆಸ್ಪತ್ರೆಯಲ್ಲಿ ಭಾನುವಾರ ಬೆಳಿಗ್ಗೆ ತುರ್ತು ವಿಭಾಗದಲ್ಲಿ ಡಾಕ್ಟರು ಇರುತ್ತಾರೆ ಅಂತ ಮೊದಲೇ ಹೋಗಿ ಕೇಳಿ ಬನ್ನಿ. ಬೋರ್ಡ್ ನೋಡಿ ನಂಬಬೇಡಿ.

ಜಾಥಾ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ: ಹಿಂಬದಿಯ ಗಾಡಿ ಬರದಿದ್ದರೆ, ಹರತಾಳ ಘೋಷಣೆಯಾದರೆ, ಮಳೆ ಬಂದು ರಸ್ತೆ ಜಾರುತ್ತಿದ್ದರೆ, ಹೆಸರು ಕೊಡದ ನಲವತ್ತು ಮಂದಿ ಸೈಕಲ್ ಹಿಡಿದುಕೊಂಡು ಬಂದು ನಿಂತರೆ. ಮುಂದೂಡಿದ ದಿನ ಮೊದಲೇ ಗೊತ್ತಿರಲಿ.

## 9. ಲೆಕ್ಕ ಮತ್ತು ತಲುಪಿಸುವುದು

ನಗದನ್ನು ಆ ದಿನವೇ ಇಬ್ಬರು ಕೂತು ಎಣಿಸಿ, ರಶೀದಿ ಪುಸ್ತಕದ ನಂಬರ್ ಸರಣಿಗೆ ತಾಳೆ ನೋಡಿ, ಇಬ್ಬರೂ ಸಹಿ ಹಾಕಿ. ಸೋಮವಾರ ಬ್ಯಾಂಕಿಗೆ. ಹರಿದು ಹೋದ ರಶೀದಿಯನ್ನೂ ಎಸೆಯಬೇಡಿ, ಪುಸ್ತಕಕ್ಕೇ ಅಂಟಿಸಿ. ಹದಿನೈದು ದಿನದೊಳಗೆ ಒಂದು ಪುಟದ ಲೆಕ್ಕ ಕೊಟ್ಟವರಿಗೆಲ್ಲ ಹೋಗಲಿ: ಬಂದದ್ದು, ಖರ್ಚಾದದ್ದು ಮತ್ತು ಅದನ್ನು ಯಾರು ಕೊಟ್ಟರು, ಮಕ್ಕಳಿಗೆ ಮೀಸಲಾದದ್ದು.

ಗುರಿ ಮುಟ್ಟದಿದ್ದರೆ ಮಕ್ಕಳ ಸಂಖ್ಯೆ ಕಡಿಮೆ ಮಾಡಿ, ತಿಂಗಳ ಸಂಖ್ಯೆ ಕಡಿಮೆ ಮಾಡಬೇಡಿ. ಆರು ತಿಂಗಳಿಗೆ ನಿಲ್ಲುವ ಸಹಾಯಕ್ಕೆ ಮನೆಯವರು ಒಗ್ಗಿಕೊಂಡುಬಿಟ್ಟರೆ ಆಮೇಲೆ ಕಷ್ಟ ಅವರಿಗೇ. ಯಾರನ್ನು ಬಿಡುವುದು ಎಂಬುದನ್ನು ಕ್ಲಬ್ ತೀರ್ಮಾನಿಸುವುದು ಬೇಡ, ಒಂದನೇ ಹಂತದಲ್ಲಿ ಪಟ್ಟಿ ನೋಡಿದ ಡಾಕ್ಟರನ್ನೇ ಕೇಳಿ.

ಮೆಡಿಕಲ್ ಶಾಪಿನ ಬಿಲ್ ತಿಂಗಳಿಗೊಮ್ಮೆ ಒಬ್ಬರು ಹೋಗಿ ನೋಡಿ ಕಟ್ಟಬೇಕು. ಆ ಒಬ್ಬರು ಯಾರು ಅಂತ ಜಾಥಾಕ್ಕೆ ಮೊದಲೇ ಹೆಸರು ಬರೆದಿಡಿ. ಮಗು ಎರಡು ತಿಂಗಳು ಸ್ಟ್ರಿಪ್ ತೆಗೆದುಕೊಳ್ಳದಿದ್ದರೆ ಉಳಿತಾಯ ಆಯಿತು ಅಂತ ಸುಮ್ಮನಾಗಬೇಡಿ, ಮನೆಗೆ ಹೋಗಿ ವಿಚಾರಿಸಿ. ಮೀಟರ್ ಹಾಳಾಗಿರಬಹುದು, ಅಪ್ಪನಿಗೆ ಕೆಲಸ ಇಲ್ಲದೆ ಪೇಟೆಗೆ ಬರುವ ಬಸ್ಸಿನ ದುಡ್ಡಿಲ್ಲದಿರಬಹುದು, ಯಾರದೋ ಮಾತು ಕೇಳಿ ಕಷಾಯ ಶುರು ಮಾಡಿರಲೂಬಹುದು. ಕೊನೆಯದ್ದಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.